ಮುತ್ತತ್ತಿ ಹೊಳೆಯಲ್ಲಿ ಕಂಡಿದ್ದು ನೀರುನಾಯಿನಾ?

ಭಾನುವಾರದ ಸವಾರ:
ಅಮ್ಮನ ಹರಕೆ ಇತ್ತು, ಮುತ್ತತ್ತಿರಾಯನ ದರ್ಶನಕ್ಕೆ ಹೋಗಿದ್ದೆವು. ಬೆಳಿಗ್ಗೆ 7 ಗಂಟೆ. ಕಾವೇರಿ ಮಧ್ಯದ ಬಂಡೆ ಹತ್ತಿರ ಐದಾರು ತಲೆ ಎದ್ದವು, ಮುಳುಗಿದವು, ಮತ್ತೆ ಎದ್ದವು. ಒಂದರ ಬಾಯಲ್ಲಿ ಮೀನು. ಅಮ್ಮ ನೀರುನಾಯಿ ಅಂದರು. ಭಾವ ಮೊಸಳೆ ಮರಿ ಅಂತ ಹಟ ಹಿಡಿದಿದ್ದಾರೆ. ಫೋಟೊದಲ್ಲಿ ಬರೀ ಚುಕ್ಕೆ. ಯಾರು ಸರಿ?

ಹೊಳೆದಂಡೆ:
ಅಮ್ಮನೇ ಸರಿ. ಮೊಸಳೆ ಮರಿ ಹಾಗೆ ಗುಂಪು ಕಟ್ಟಿಕೊಂಡು ಕುಣಿಯುವುದಿಲ್ಲ.

ನಮ್ಮೂರು ಅಲ್ಲಿಂದ ಸ್ವಲ್ಪ ಮೇಲೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹರಿಗೋಲಿನಲ್ಲಿ ಬಲೆ ಬಿಡಲು ಹೋಗುತ್ತಿದ್ದೆ. ನೀರುನಾಯಿ ಬಂದದ್ದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು, ಸಣ್ಣ ಸಿಳ್ಳೆ ಹೊಡೆದ ಹಾಗೆ. ಬಲೆಯಲ್ಲಿದ್ದ ಮೀನು ತಿಂದು, ಬಲೆಯನ್ನೂ ಹರಿದು ಹೋಗುತ್ತಿದ್ದವು. ಅಪ್ಪ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ನಾನು ಕಲ್ಲು ಎತ್ತಿದರೆ ಮಾತ್ರ ಕೈ ಹಿಡಿಯುತ್ತಿದ್ದರು. "ಬಿಡ್ಲಾ, ಅವು ಇದ್ರೆ ಮಡುನಲ್ಲಿ ಮೀನೈತೆ ಅಂತ." ಅಪ್ಪನಿಗೆ ನಿಜವಾದ ಸಿಟ್ಟು ಇದ್ದದ್ದು ತೋಟಾ ಸಿಡಿಸಿ ಮೀನು ಹೊಡೆಯುವವರ ಮೇಲೆ. ಅದರಲ್ಲಿ ಮರಿ, ದೊಡ್ಡದು ಎಲ್ಲಾ ಒಟ್ಟಿಗೆ ಹೋಗುತ್ತದೆ.

ಇನ್ನೊಮ್ಮೆ ಹೋದರೆ ದಡದ ಬಂಡೆಗಳ ಮೇಲೆ ಹುಡುಕಿ. ಅವು ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತವೆ. ಅದರ ತುಂಬ ಮೀನಿನ ಹುರುಪೆ, ಮುಳ್ಳು. ಜಾಸ್ತಿ ಬಗ್ಗಬೇಡಿ, ನಾತ ತಡೆಯುವುದಿಲ್ಲ!

ಊರುಸುತ್ತಿ:
ಆ ಕಾಡು 1987ರಿಂದ ಕಾವೇರಿ ವನ್ಯಧಾಮ. ದಡದ ಹೊಳೆಮತ್ತಿ ಮರಗಳನ್ನೂ ನೋಡಿ ಬನ್ನಿ, ಬೂದು ಬಣ್ಣದ ದೊಡ್ಡ ಅಳಿಲು ಸಿಗುತ್ತದೆ. ಹೊಳೆಯಲ್ಲಿ ಮಹಸೀರ್ ಮೀನು ಇದೆಯಲ್ಲ, ಹಿಂದೆ 50 ಕಿಲೋ ದಾಟಿದ್ದನ್ನೂ ಹಿಡಿದಿದ್ದಾರೆ. ಬೆನ್ನು ಉಬ್ಬಿದ ಆ ಜಾತಿ ಈಗ ಅಳಿವಿನ ಅಂಚಿನಲ್ಲಿದೆ. ಅಂದ ಹಾಗೆ, ನೀರುನಾಯಿ ರಂಗನತಿಟ್ಟಿನಲ್ಲೂ ಇದೆ. ಆದರೆ ಅಲ್ಲಿ ಎಲ್ಲರ ಕಣ್ಣು ಹೆಜ್ಜಾರ್ಲೆ ಹಕ್ಕಿ ಮೇಲೆ, ಅದನ್ನು ಕೇಳುವವರೇ ಇಲ್ಲ.

ಭಾನುವಾರದ ಸವಾರ:
ಹತ್ತಿರದಿಂದ ನೋಡಲು ನೀರಿಗೆ ಇಳಿಯಬಹುದಾ?

ಹೊಳೆದಂಡೆ:
ಬೇಡವೇ ಬೇಡ. ಮೇಲೆ ನೀರು ಸುಮ್ನೆ ನಿಂತ ಹಾಗೆ ಕಾಣುತ್ತದೆ, ಕೆಳಗೆ ಸುಳಿ ಇರುತ್ತದೆ. ಈಜು ಬಂದವರೂ ಅಲ್ಲಿ ಮುಳುಗಿ ಹೋಗಿದ್ದಾರೆ. ಮೊಸಳೆ ಇರುವುದೂ ನಿಜ, ಅಷ್ಟರ ಮಟ್ಟಿಗೆ ಭಾವನವರ ಮಾತಿಗೆ ಬೆಲೆ ಕೊಡಿ. ಒಂದು ದುರ್ಬೀನು ತಗೊಂಡು ಹೋಗಿ, ಮಾತಾಡದೆ ಅರ್ಧ ಗಂಟೆ ಕೂತ್ಕೊಳ್ಳಿ.

ಭಾನುವಾರದ ಸವಾರ:
ಅಮ್ಮನಿಗೆ ಓದಿ ಹೇಳಿದೆ. "ನಿಮ್ಮ ಭಾವನ್ನ ಕರ್ಕೊಂಡು ಹೋದ್ರೆ ಅರ್ಧ ಗಂಟೆ ಮಾತಾಡ್ದೆ ಇರ್ತಾರಾ?" ಅಂತಾರೆ.