ಮೇಣದಬತ್ತಿ-ಲೋಟದ ಪ್ರಯೋಗ: ಮಕ್ಕಳು ಕಂಡುಕೊಂಡದ್ದೇ ತಪ್ಪಾದರೆ?

ಪ್ರಶ್ನೆ (ಪ್ರೌಢಶಾಲಾ_ವಿಜ್ಞಾನ):
ತಟ್ಟೆಯಲ್ಲಿ ನೀರು, ನಡುವೆ ಉರಿಯೋ ಮೇಣದಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತೆ, ನೀರು ಏರುತ್ತೆ. ಯಾವ ಗುಂಪನ್ನು ಕೇಳಿದರೂ ಒಂದೇ ಉತ್ತರ: "ಆಮ್ಲಜನಕ ಖರ್ಚಾಯ್ತು, ಆ ಜಾಗಕ್ಕೆ ನೀರು ಬಂತು." ಹೇಳಿಕೊಡಬೇಡಿ, ಮಕ್ಕಳೇ ಕಂಡುಕೊಳ್ಳಲಿ ಅಂತಾರೆ ತರಬೇತಿಯಲ್ಲಿ. 40 ನಿಮಿಷದ ಪೀರಿಯಡ್ಡಲ್ಲಿ ಈ ತಪ್ಪನ್ನು ಅವರಾಗಿಯೇ ತಿದ್ದಿಕೊಳ್ತಾರಾ?

ಬೀಕರ್:
ತಿದ್ದಿಕೊಳ್ಳಲ್ಲ ಸರ್. ನೀರು ಯಾವಾಗ ಏರುತ್ತೆ ಅಂತ ನೋಡೋಕೆ ಹೇಳಿ. ಉರಿಯುವಾಗ ಅಷ್ಟೇನೂ ಏರಲ್ಲ, ಆರಿದ ಮೇಲೆ ಸರ್ರನೆ ಏರುತ್ತೆ. ಬಿಸಿಗೆ ಹಿಗ್ಗಿದ ಗಾಳಿ ಲೋಟ ಮುಚ್ಚುವಾಗಲೇ ಒಂದಷ್ಟು ಹೊರಹೋಗಿರುತ್ತೆ (ಅಂಚಲ್ಲಿ ಗುಳ್ಳೆ ಗಮನಿಸಿ), ಉಳಿದದ್ದು ತಣಿದು ಕುಗ್ಗುತ್ತೆ. ಗಾಳಿಯಲ್ಲಿ ಶೇ. 21 ಇದ್ದ ಆಮ್ಲಜನಕ, ಬತ್ತಿ ಆರುವಾಗಲೂ ಶೇ. 16ರ ಆಸುಪಾಸು ಉಳಿದಿರುತ್ತೆ. ಒಂದರ ಬದಲು ಮೂರು ಬತ್ತಿ ಇಟ್ಟರೆ ನೀರು ಇನ್ನೂ ಮೇಲೇರುತ್ತೆ. ಗಾಳಿಯಲ್ಲಿ ಆಮ್ಲಜನಕದ ಪಾಲೇನು ಬತ್ತಿ ಎಣಿಸಿಕೊಂಡು ಹೆಚ್ಚುತ್ತಾ? ಈ ಪ್ರಶ್ನೆ ಮೇಷ್ಟ್ರ ಬಾಯಿಂದಲೇ ಬರಬೇಕು.

ತ್ರಾಸು:
"ಮಕ್ಕಳೇ ಕಂಡುಕೊಳ್ಳಲಿ" ಅನ್ನೋದರ ಮೇಲೆ ಟೀಕೆ ಇರೋದು ಇಲ್ಲಿಯೇ. ಶಿಕ್ಷಣ ಸಂಶೋಧಕರಾದ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ 2006ರಲ್ಲಿ ಬರೆದ ಲೇಖನದ ವಾದ ಇಷ್ಟು: ವಿಷಯಕ್ಕೆ ಹೊಸಬರಾದ ಮಕ್ಕಳಿಗೆ ಯಾವುದನ್ನು ಗಮನಿಸಬೇಕು ಅನ್ನೋದೇ ಗೊತ್ತಿರಲ್ಲ, ಹುಡುಕಾಟದಲ್ಲೇ ತಲೆ ತುಂಬಿಹೋಗುತ್ತೆ. ಕ್ಲಾರ್ ಮತ್ತು ನಿಗಮ್ 2004ರಲ್ಲಿ 3-4ನೇ ತರಗತಿ ಮಕ್ಕಳಿಗೆ "ಒಂದು ಸಲಕ್ಕೆ ಒಂದೇ ಅಂಶ ಬದಲಿಸು" ಅನ್ನೋ ಕ್ರಮ ಕಲಿಸಿ ನೋಡಿದರು. ನೇರವಾಗಿ ಹೇಳಿಕೊಟ್ಟವರಲ್ಲಿ ಶೇ. 77, ಸ್ವತಃ ಹುಡುಕಿದವರಲ್ಲಿ ಶೇ. 23 ಮಕ್ಕಳಿಗೆ ಅದು ಹತ್ತಿತು. ಎರಡೂ ಗುಂಪು ಸಾಮಾನು ಮುಟ್ಟಿ ಪ್ರಯೋಗ ಮಾಡಿದ್ದವು. ಅಂದರೆ ತಕರಾರು ಕೈಕೆಲಸದ ಮೇಲಲ್ಲ, ಮೇಷ್ಟ್ರು ಬಾಯಿ ಕಟ್ಟಿಕೊಂಡು ಕೂರೋದರ ಮೇಲೆ.

ಸೀಸೆಬುಡ್ಡಿ:
ಒಪ್ಪಿದೆ, ಆದರೆ ಹೇಳಿಬಿಟ್ಟರೆ ಮುಗೀತು ಅಂದುಕೊಳ್ಳಬೇಡಿ. ಮಧ್ಯಪ್ರದೇಶದ ಶಾಲೆಗಳಲ್ಲಿ ಪ್ರಯೋಗದ ಮೂಲಕ ವಿಜ್ಞಾನ ಕಲಿಸಿದ ಹೋಶಂಗಾಬಾದ್ ಕಾರ್ಯಕ್ರಮ (1972-2002) ಕಿಟ್ ಹಂಚಿ ಕೈತೊಳೆದುಕೊಳ್ಳಲಿಲ್ಲ. ಶಿಕ್ಷಕರ ತರಬೇತಿ, ಪುಸ್ತಕ ತೆರೆದು ಬರೆಯೋ ಪರೀಕ್ಷೆ ಎಲ್ಲ ಜೊತೆಗಿತ್ತು. ನಮ್ಮಲ್ಲಿ ಚಟುವಟಿಕೆ ಒಂದು ಕಡೆ, ಪರೀಕ್ಷೆ ಇನ್ನೊಂದು ಕಡೆ.

ಗಾಳಿಯಲ್ಲಿ ಆಮ್ಲಜನಕ ಸುಮಾರು ಐದನೇ ಒಂದು ಭಾಗ ಅಂತ ತೋರಿಸಲೇಬೇಕು ಅಂದ್ರೆ ಮೇಣದಬತ್ತಿ ಬಿಡಿ, ಕಬ್ಬಿಣದ ಪುಡಿ ತನ್ನಿ. ಪ್ರನಾಳದ ಒಳಗೋಡೆ ಒದ್ದೆ ಮಾಡಿ, ಪುಡಿ ಉದುರಿಸಿ ಅಂಟಿಸಿ, ನೀರಲ್ಲಿ ಬೋರಲು ನಿಲ್ಲಿಸಿ, ಮೊದಲ ಮಟ್ಟಕ್ಕೆ ಗುರುತು ಹಾಕಿ. ತುಕ್ಕು ಹಿಡಿಯುತ್ತಾ ಆಮ್ಲಜನಕ ಖರ್ಚಾಗಿ ನೀರು ಏರೋಕೆ ಎರಡು-ಮೂರು ದಿನ ಬೇಕು. ಅವಸರಕ್ಕೆ ಬಗ್ಗೋ ಪ್ರಯೋಗ ಅಲ್ಲ. ಲೇತ್ ಅಂಗಡಿ ಪುಡಿಯಾದರೆ ಎಣ್ಣೆ ಇರುತ್ತೆ, ಸೋಪಿನ ನೀರಲ್ಲಿ ತೊಳೆಯದಿದ್ದರೆ ತುಕ್ಕೇ ಹಿಡಿಯಲ್ಲ. ಪಾತ್ರೆ ಉಜ್ಜೋ ಸ್ಟೀಲ್ ಸ್ಕ್ರಬ್ಬರ್ ಹಾಕಬೇಡಿ: ಅದು ಸ್ಟೇನ್‌ಲೆಸ್, ವಾರ ಕಳೆದರೂ ನೀರು ಅಲ್ಲೇ ಇರುತ್ತೆ. ನೀರಿನ ಮಟ್ಟ ಅಳೆಯುವಾಗ ಕೋಣೆಯ ಬಿಸಿ ಮೊದಲಿನಷ್ಟೇ ಇರಲಿ, ಪ್ರನಾಳದ ಒಳಗೂ ಹೊರಗೂ ನೀರಿನ ಮಟ್ಟ ಸಮ ಮಾಡಿಕೊಳ್ಳಿ.