ಆರ್‌ಸಿ ಬಗ್ಗಿಯ ಮೋಟಾರಿಗೆ ಹೀಟ್ ಸಿಂಕ್ ಮತ್ತು ಫ್ಯಾನ್ ಅಳವಡಿಸುವ ಬಗ್ಗೆ

ಪ್ರಶ್ನೆ ಕೇಳಿದವರು: ಎರೆಮಣ್ಣು

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ 1/10 ಅಳತೆಯ, ನಾಲ್ಕು ಚಕ್ರಗಳಿಗೂ ಚಾಲನೆಯಿರುವ ಒಂದು ಆರ್‌ಸಿ (ರೇಡಿಯೊ ನಿಯಂತ್ರಿತ) ಬಗ್ಗಿ, ಅಂದರೆ ಮಣ್ಣಿನ ಮೇಲೆ ಓಡಿಸುವ ಪುಟ್ಟ ಕಾರು ಇದೆ. ಅದರಲ್ಲಿ 3650 ಗಾತ್ರದ 3300 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು) ಬ್ರಷ್‌ಲೆಸ್ ಮೋಟಾರ್, 60 ಆಂಪಿಯರ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಮತ್ತು 2ಎಸ್ (ಎರಡು ಕೋಶಗಳ) ಲಿಪೊ ಬ್ಯಾಟರಿ ಇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೇರೊಬ್ಬರಿಂದ ಕೊಂಡ ಗಾಡಿ ಇದು. ಚಳಿಗಾಲವಿಡೀ ಯಾವ ತಕರಾರೂ ಇಲ್ಲದೆ ಓಡಿತು. ಈಗ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿರುವುದರಿಂದ, ಹೊತ್ತು ಇಳಿದ ಮೇಲೆ ಮೈದಾನಕ್ಕೆ ಹೋದರೂ ಅರ್ಧ ಬ್ಯಾಟರಿ ಮುಗಿಯುವ ಮೊದಲೇ ಮೋಟಾರಿನ ಮೇಲೆ ಬೆರಳಿಡಲಾಗದಷ್ಟು ಕಾಯುತ್ತಿದೆ. ಇಎಸ್‌ಸಿಗೆ ಅದರದೇ ಫ್ಯಾನ್ ಇದ್ದು, ಅದು ಅಷ್ಟೇನೂ ಕಾಯುತ್ತಿಲ್ಲ.

ಮೋಟಾರಿಗೂ ಅಲ್ಯೂಮಿನಿಯಂ ಹೀಟ್ ಸಿಂಕ್ (ಶಾಖ ಹೀರಿ ಗಾಳಿಗೆ ಬಿಡುವ ಏಣುಗಳ ಬಳೆ) ಮತ್ತು ಫ್ಯಾನ್ ಹಾಕಬೇಕೆಂದಿದ್ದೇನೆ. ಒತ್ತಿ ಕೂರಿಸುವ ಬಗೆಯದು ಸಾಕೇ, ಸ್ಕ್ರೂ ಬಿಗಿಯುವ ಬಗೆಯದೇ ಬೇಕೇ? ಫ್ಯಾನಿನ ವೈರನ್ನು ಎಲ್ಲಿಗೆ ಕೊಡಬೇಕು, ಅದರಿಂದ ಬ್ಯಾಟರಿ ಬೇಗ ಇಳಿಯುವುದೇ? ಗಾಡಿಯ ಮೇಲ್ಹೊದಿಕೆಗೆ (ಬಾಡಿ) ತೂತು ಕೊರೆದರೆ ನಮ್ಮ ಕಡೆಯ ಎರೆಮಣ್ಣಿನ ದೂಳು ಒಳಕ್ಕೆ ನುಗ್ಗುತ್ತದೆಂಬ ಅಂಜಿಕೆಯೂ ಇದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರಿಸಿದವರು: ಬೆಸುಗೆಕಡ್ಡಿ

3650 ಎಂದರೆ 36 ಮಿ.ಮೀ. ವ್ಯಾಸ, 50 ಮಿ.ಮೀ. ಉದ್ದ. ಹಳೆಯ 540 ಬ್ರಷ್ ಮೋಟಾರಿನ ವ್ಯಾಸವೂ ಹೆಚ್ಚುಕಡಿಮೆ ಇಷ್ಟೇ ಆದ್ದರಿಂದ, 540 ಮತ್ತು 550ಕ್ಕೆಂದು ಮಾರುವ ಹೀಟ್ ಸಿಂಕ್ ನಿಮ್ಮ ಮೋಟಾರಿಗೂ ಕೂರುತ್ತದೆ. ಆದರೆ ಕೆಲವು ಬ್ರಷ್‌ಲೆಸ್ ಮೋಟಾರುಗಳ ಕವಚದ ಮೇಲೆಯೇ ಏಣುಗಳಿರುತ್ತವೆ. ಅಂಥದ್ದಕ್ಕೆ ಹೊರಗಿನಿಂದ ಬಳೆ ಹಾಕಿದರೆ ಅದು ಏಣುಗಳ ತುದಿಯನ್ನಷ್ಟೇ ತಾಗುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲಿ ಫ್ಯಾನನ್ನು ನೇರವಾಗಿ ಕವಚದ ಮೇಲೆ ಊದುವಂತೆ ಕೂರಿಸುವುದೇ ಮೇಲು.

ನಿಮ್ಮದು ನುಣುಪಾದ ಕವಚವಾಗಿದ್ದರೆ ಸ್ಕ್ರೂ ಬಿಗಿಯುವ ಬಗೆಯನ್ನು ಕೊಳ್ಳಿ. ಒತ್ತಿ ಕೂರಿಸುವ ಸಿಂಕ್ ಕೂಡ ಕೆಲಸ ಮಾಡುತ್ತದೆ, ಆದರೆ ನಾಲ್ಕಾರು ಬಾರಿ ತೆಗೆದು ಹಾಕುವಷ್ಟರಲ್ಲಿ ಅದರ ಬಾಯಿ ಅಗಲವಾಗಿ, ಎರಡು ಅಂಚುಗಳಲ್ಲಿ ಮಾತ್ರ ತಾಗುವ ಸ್ಥಿತಿಗೆ ಬರುತ್ತದೆ. ಎಷ್ಟು ತಾಗಿದೆ ಎಂದು ನೋಡಲು ಒಂದು ಸುಲಭ ದಾರಿಯಿದೆ: ಥರ್ಮಲ್ ಪೇಸ್ಟನ್ನು ಕವಚದ ಮೇಲೆ ತೆಳುವಾಗಿ ಸವರಿ, ಸಿಂಕನ್ನು ಕೂರಿಸಿ, ಕೂಡಲೇ ಬಿಚ್ಚಿ ನೋಡಿ. ಒಳಮೈಯಲ್ಲಿ ಪೇಸ್ಟ್ ಹತ್ತಿದ ಕಡೆಯಷ್ಟೇ ಶಾಖ ದಾಟುತ್ತದೆ. ಹತ್ತದ ಭಾಗ ಹೆಚ್ಚಾಗಿದ್ದರೆ ದಪ್ಪನಾಗಿ ಪೇಸ್ಟ್ ತುಂಬಿ ಸರಿದೂಗಿಸಲು ಹೋಗಬೇಡಿ. ಪೇಸ್ಟ್ ಗಾಳಿಗಿಂತ ಎಷ್ಟೋ ಚೆನ್ನಾಗಿ ಶಾಖವನ್ನು ಸಾಗಿಸಿದರೂ ಅಲ್ಯೂಮಿನಿಯಂಗೆ ಹೋಲಿಸಿದರೆ ಏನೇನೂ ಅಲ್ಲ. ಮೋಟಾರಿನ ಮೇಲೆ ಕಂಪನಿಯ ಸ್ಟಿಕರ್ ಇದ್ದರೆ ಅದನ್ನು ಕಿತ್ತು, ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಮೇಲೆಯೇ ಈ ಕೆಲಸಕ್ಕೆ ಕೈಹಾಕಬೇಕು.

ಸಿಂಕನ್ನು ಕೂರಿಸುವಾಗ ಅದು ಹಿಂಬದಿಯ ಮೂರು ವೈರುಗಳ ಬೆಸುಗೆಗೆ ತಾಗದಂತೆ ನೋಡಿಕೊಳ್ಳಿ. ಮೋಟಾರನ್ನು ಹಿಂದೆಮುಂದೆ ಸರಿಸಿಯೇ ಗೇರ್ ಕೂಡಿಸಬೇಕಾಗಿರುವುದರಿಂದ, ಸಿಂಕ್ ಬಂದ ಮೇಲೂ ಆ ಸರಿದಾಟಕ್ಕೆ ಜಾಗ ಉಳಿದಿರಬೇಕು. ಚಾಸಿಯ ಅಂಚಿಗೆ ಸಿಂಕ್ ತಗುಲಿ ಮೋಟಾರ್ ಒಂದು ಕೂದಲೆಳೆಯಷ್ಟು ಓರೆಯಾದರೂ ಗೇರಿನ ಹಲ್ಲು ಸವೆಯತೊಡಗುತ್ತದೆ.

ಫ್ಯಾನ್ ಆರಿಸುವಾಗ ಸ್ಕ್ರೂ ತೂತುಗಳ ಅಂತರ ನೋಡಿ: 30 ಮಿ.ಮೀ. ಫ್ಯಾನಿಗೆ ಅದು 24 ಮಿ.ಮೀ., 40ರದಕ್ಕೆ 32 ಮಿ.ಮೀ. ಬಾಡಿಯ ಕೆಳಗೆ ಎತ್ತರ ಸಿಕ್ಕಿದರೆ 40 ಮಿ.ಮೀ. ಫ್ಯಾನನ್ನೇ ಹಾಕಿ, ಅದು ನಿಧಾನವಾಗಿ ತಿರುಗಿಯೂ ಹೆಚ್ಚು ಗಾಳಿ ಕೊಡುತ್ತದೆ. ನಡುವಿನ ಗುಂಬವನ್ನು ಹಿಡಿದಿರುವ ಅಡ್ಡಕಡ್ಡಿಗಳು ಯಾವ ಬದಿಗಿವೆಯೋ ಗಾಳಿ ಸಾಮಾನ್ಯವಾಗಿ ಆ ಬದಿಯಿಂದ ಹೊರಬರುತ್ತದೆ. ಆ ಬದಿ ಸಿಂಕಿನ ಕಡೆಗಿರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ 40 ಮಿ.ಮೀ. ಫ್ಯಾನುಗಳಲ್ಲಿ ಬಹುಪಾಲು 12 ವೋಲ್ಟಿನವು. 6 ವೋಲ್ಟಿಗೆ ಅವು ಕುಂಟುತ್ತ ತಿರುಗುತ್ತವೆ, ಕೆಲವು ಹೊರಡುವುದೇ ಇಲ್ಲ.

ವೈರಿನ ವಿಷಯಕ್ಕೆ ಬಂದರೆ, ರಿಸೀವರಿನಲ್ಲಿ (ರಿಮೋಟಿನ ಸಂಕೇತ ಹಿಡಿಯುವ ಪೆಟ್ಟಿಗೆ) ಖಾಲಿಯಿರುವ ಚಾನೆಲ್ ಎಲ್ಲಕ್ಕಿಂತ ಅನುಕೂಲಕರ. ಮೂರು ಪಿನ್ನುಗಳಲ್ಲಿ ನಡುವಿನದು ಧನ, ಕಪ್ಪು ಅಥವಾ ಕಂದು ವೈರಿನ ಬದಿಯದು ಋಣ. ಸಿಗ್ನಲ್ ಪಿನ್ನನ್ನು ಖಾಲಿ ಬಿಡಿ. ಇಎಸ್‌ಸಿಯ ಬಿಇಸಿ (ರಿಸೀವರಿಗೆ ವಿದ್ಯುತ್ ಕೊಡುವ ಭಾಗ) 6 ವೋಲ್ಟಿಗೆ ಹೊಂದಿಸಿದೆಯೋ 7.4ಕ್ಕೋ ಎಂದು ನೋಡಿ, ಅದನ್ನು ತಾಳುವ ಫ್ಯಾನನ್ನೇ ಕೊಳ್ಳಿ. 5 ವೋಲ್ಟಿನ ಫ್ಯಾನನ್ನು ನೇರವಾಗಿ ಬ್ಯಾಟರಿಗೆ ಕೊಟ್ಟರೆ ತುಂಬಿದ 2ಎಸ್ ಲಿಪೊದ 8.4 ವೋಲ್ಟಿಗೆ ಅದು ಹೆಚ್ಚು ದಿನ ಬಾಳದು. ಬ್ಯಾಟರಿ ಇಳಿಯುವ ಚಿಂತೆ ಬೇಡ: 0.2 ಆಂಪಿಯರ್ ಎಳೆಯುವ ಫ್ಯಾನ್ 20 ನಿಮಿಷಕ್ಕೆ 70 ಎಂಎಎಚ್‌ಗಿಂತ ಕಡಿಮೆ ಬಳಸುತ್ತದೆ.

ಉತ್ತರಿಸಿದವರು: ಹಲ್ಲುಚಕ್ರ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ಹುಟ್ಟಿದ ಶಾಖವನ್ನು ಹೊರಹಾಕುವ ಮೊದಲು ಅಷ್ಟೊಂದು ಶಾಖ ಯಾಕೆ ಹುಟ್ಟುತ್ತಿದೆ ಎಂದು ನೋಡಬೇಕು. ಎರೆಮಣ್ಣು ಅವರೇ, ನಿಮ್ಮ ಗಾಡಿಯ ಪಿನಿಯನ್ನಿಗೆ (ಮೋಟಾರಿನ ಶಾಫ್ಟಿನ ಮೇಲಿರುವ ಸಣ್ಣ ಗೇರ್) ಎಷ್ಟು ಹಲ್ಲುಗಳಿವೆ, ಕೈಪಿಡಿಯಲ್ಲಿ ಎಷ್ಟು ಹೇಳಿದೆ? ಪಿನಿಯನ್ ತೆಗೆದು ಗಾಡಿಯನ್ನು ಕೈಯಿಂದ ತಳ್ಳಿದರೆ ಚಕ್ರಗಳು ಹಗುರವಾಗಿ ಉರುಳುತ್ತವೆಯೇ, ಎಲ್ಲಾದರೂ ಹಿಡಿಯುತ್ತದೆಯೇ? ದೂಳು ಸೇರಿದ ಒಂದೇ ಒಂದು ಬೇರಿಂಗ್ ಕೂಡ ಮೋಟಾರನ್ನು ಕಾಯಿಸಬಲ್ಲದು.

ಬೆರಳಿನ ಅಂದಾಜನ್ನು ಬಿಟ್ಟು ಅತಿಗೆಂಪು ಥರ್ಮಾಮೀಟರಿನಿಂದ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ; ಆದ್ದರಿಂದ ಕವಚದ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡೊಂದನ್ನು ಅಂಟಿಸಿ ಅದರತ್ತ ಹಿಡಿಯಿರಿ. 80 ಡಿಗ್ರಿಯ ಒಳಗಿದ್ದರೆ ಗಾಬರಿಯಾಗಬೇಕಿಲ್ಲ. ಸಾಧಾರಣ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತಗಳು ಅದಕ್ಕಿಂತ ಮೇಲೆ ಶಕ್ತಿ ಕಳೆದುಕೊಳ್ಳತೊಡಗುತ್ತವೆ, ಒಳಗಿನ ಸುರುಳಿಯಂತೂ ಕವಚಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಅಯಸ್ಕಾಂತ ಬಲಗುಂದಿದರೆ ಅದೇ ಎಳೆತಕ್ಕೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಅದರಿಂದ ಇನ್ನಷ್ಟು ಕಾಯುತ್ತದೆ.

ಮರುನುಡಿದವರು: ಎರೆಮಣ್ಣು

ಇಬ್ಬರಿಗೂ ಧನ್ಯವಾದಗಳು. ಟೇಪ್ ಅಂಟಿಸಿ ಅಳೆದಾಗ, ಗಾಳಿ 38 ಡಿಗ್ರಿಯಿದ್ದ ಸಂಜೆ ಮೋಟಾರ್ 97 ಡಿಗ್ರಿ ತೋರಿಸಿತು. ಕೈಪಿಡಿಯಲ್ಲಿ 15 ಹಲ್ಲಿನ ಪಿನಿಯನ್ ಎಂದಿದೆ. ಬಿಚ್ಚಿ ಎಣಿಸಿದರೆ 17 ಇವೆ. ಗಾಡಿಯ ಹಿಂದಿನ ಒಡೆಯರು ವೇಗಕ್ಕಾಗಿ ಬದಲಿಸಿರಬೇಕು. ಚಕ್ರಗಳು ಹಗುರವಾಗಿಯೇ ಉರುಳುತ್ತಿವೆ.

ಉತ್ತರಿಸಿದವರು: ಹಲ್ಲುಚಕ್ರ

ಹಾಗಾದರೆ ಅರ್ಧ ಉತ್ತರ ಅಲ್ಲೇ ಇದೆ. ಚಕ್ರಕ್ಕೆ ಅದೇ ಬಲ ಸಿಗಬೇಕೆಂದರೆ 15 ಹಲ್ಲಿನ ಪಿನಿಯನ್‌ನೊಂದಿಗೆ ಮೋಟಾರ್ ಒದಗಿಸಬೇಕಾದ ತಿರುಚುಬಲ 17ರದಕ್ಕಿಂತ ಸುಮಾರು ಶೇ. 12ರಷ್ಟು ಕಡಿಮೆ. ಕರೆಂಟ್ ಅಷ್ಟೇ ಕಡಿಮೆಯಾಗುತ್ತದೆ. ತಾಮ್ರದ ಸುರುಳಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾದ್ದರಿಂದ ಅದು ಸುಮಾರು ಶೇ. 22ರಷ್ಟು ಇಳಿಯುತ್ತದೆ. ಗರಿಷ್ಠ ವೇಗದಲ್ಲಿ ಶೇ. 12ರಷ್ಟು ಹೋಗುತ್ತದೆ, ಮಣ್ಣಿನ ಮೈದಾನದಲ್ಲಿ ಅದು ಗೊತ್ತಾಗುವುದೂ ಅನುಮಾನ. ನಿಮ್ಮ ಮೋಟಾರ್ ಈಗ ಗಾಳಿಗಿಂತ 59 ಡಿಗ್ರಿ ಮೇಲಿದೆ. ಚಳಿಗಾಲದಲ್ಲಿ 25 ಡಿಗ್ರಿಯ ಸಂಜೆಗೆ ಇದೇ ಏರಿಕೆಯಲ್ಲಿ 84ರ ಹತ್ತಿರ ಇದ್ದಿರಬೇಕು, ಆದ್ದರಿಂದಲೇ ಆಗ ಗಮನಕ್ಕೆ ಬರಲಿಲ್ಲ. ಫ್ಯಾನ್ ಎಷ್ಟೇ ಊದಿದರೂ ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು ಎಂಬುದು ಕಲಬುರಗಿಯವರು ಮರೆಯಬಾರದ ಮಾತು.

ಉತ್ತರಿಸಿದವರು: ಹಳೇಬ್ರಷ್

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎರೆಭೂಮಿಯ ದೂಳು ಟಾಲ್ಕಂ ಪುಡಿಯಂತೆ ನಯ. ಸಣ್ಣ ಫ್ಯಾನಿನ ಬುಷ್ (ಶಾಫ್ಟನ್ನು ಹಿಡಿದಿರುವ ಲೋಹದ ಬಳೆ) ಅದನ್ನು ತಾಳುವುದಿಲ್ಲ. ಫ್ಯಾನಿಲ್ಲದೆ ದೊಡ್ಡ ಹೀಟ್ ಸಿಂಕ್ ಮಾತ್ರ ಹಾಕಿ, ಪಿನಿಯನ್ ಇಳಿಸಿ ಓಡಿಸಿದರೆ ಸಾಲದೇ? ನನ್ನ 540 ಬ್ರಷ್ ಮೋಟಾರಿಗೆ ಅಷ್ಟೇ ಮಾಡಿದ್ದೇನೆ. ಬ್ರಷ್ ಮೋಟಾರ್ ಇರುವವರಿಗೆ ಒಂದು ಸೂಚನೆ: ಕವಚದಲ್ಲಿರುವ ಗಾಳಿಯ ಕಿಂಡಿಗಳನ್ನು ಸಿಂಕ್ ಮುಚ್ಚಿದರೆ, ಹೊರಗೆ ಗಳಿಸಿದ್ದನ್ನು ಒಳಗೆ ಕಳೆದುಕೊಂಡಂತೆ.

ಉತ್ತರಿಸಿದವರು: ಬೆಸುಗೆಕಡ್ಡಿ

ತೆರೆದ ಗಾಡಿಯಾಗಿದ್ದರೆ ನಿಮ್ಮ ಸಲಹೆಯನ್ನೇ ಒಪ್ಪುತ್ತಿದ್ದೆ. ಮುಚ್ಚಿದ ಲೆಕ್ಸಾನ್ (ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್) ಬಾಡಿಯೊಳಗೆ ಗಾಳಿ ಆಡದಿದ್ದರೆ ಹೀಟ್ ಸಿಂಕ್ ಕಾಯುವುದನ್ನು ತಡಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ಅದರ ಲೋಹ ಬಿಸಿಯೇರಿ ಮುಗಿದ ಮೇಲೆ ಮೊದಲಿನ ಸ್ಥಿತಿಗೇ ಬರುತ್ತೇವೆ. ಆದ್ದರಿಂದ ಫ್ಯಾನ್ ಇರಲಿ, ಬುಷ್ ಬದಲು ಬಾಲ್ ಬೇರಿಂಗ್ ಇರುವುದನ್ನು ಆರಿಸಿಕೊಳ್ಳಲಿ. ಬಾಡಿಯ ಹಿಂದಿನ ಗಾಜಿನ ಜಾಗವನ್ನು ಕತ್ತರಿಸಿ ತೆಗೆದರೆ ಬಿಸಿಗಾಳಿ ಅಲ್ಲಿಂದ ಹೋಗುತ್ತದೆ, ಮುಂದಿನಿಂದ ಎದ್ದ ದೂಳು ನೇರವಾಗಿ ಒಳಬರುವುದಿಲ್ಲ. ಒಳಬರುವ ದಾರಿಗಿಂತ ಹೊರಹೋಗುವ ದಾರಿ ದೊಡ್ಡದಿರಲಿ. ಫ್ಯಾನಿನ ಬಾಯಿಗೆ ತೆಳುವಾದ ನೈಲಾನ್ ಜಾಲರಿ ಕಟ್ಟಬಹುದು, ಆದರೆ ಪ್ರತಿ ಓಟದ ನಂತರ ಅದನ್ನು ಬ್ರಷ್‌ನಿಂದ ಕೊಡವಬೇಕು. ಕಟ್ಟಿಕೊಂಡ ಜಾಲರಿಯಿರುವ ಫ್ಯಾನ್ ಇದ್ದೂ ಇಲ್ಲದ ಹಾಗೆ. ಓಟ ಮುಗಿದ ಕೂಡಲೇ ಸ್ವಿಚ್ ಆರಿಸದೆ, ಮೂರ್ನಾಲ್ಕು ನಿಮಿಷ ಫ್ಯಾನ್ ತಿರುಗಲು ಬಿಡಿ. ಗಾಡಿ ನಿಂತ ಮೇಲೆಯೂ ಸುರುಳಿಯ ಬಿಸಿ ಕವಚಕ್ಕೆ ಬರುತ್ತಲೇ ಇರುತ್ತದೆ.

ಮರುನುಡಿದವರು: ಎರೆಮಣ್ಣು

15 ಹಲ್ಲಿನ ಪಿನಿಯನ್ ಹಾಕಿ, ಸ್ಕ್ರೂ ಬಗೆಯ ಸಿಂಕಿನ ಮೇಲೆ 40 ಮಿ.ಮೀ. ಫ್ಯಾನ್ ಕೂರಿಸಿದೆ. ಗಾಳಿ 39 ಡಿಗ್ರಿಯಿದ್ದಾಗಲೂ ಮೋಟಾರ್ 74 ದಾಟಲಿಲ್ಲ. ಒಂದೇ ಶಂಕೆ: ಇಷ್ಟು ದಿನ 97 ಡಿಗ್ರಿಯವರೆಗೆ ಕಾದದ್ದರಿಂದ ಅಯಸ್ಕಾಂತ ಆಗಲೇ ಬಲಗುಂದಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರಿಸಿದವರು: ಹಲ್ಲುಚಕ್ರ

ಪಿನಿಯನ್ ಕಳಚಿ, ಶಾಫ್ಟಿನ ತುದಿಗೆ ಬಿಳಿಯ ಗುರುತು ಹಾಕಿ, ಆಪ್ಟಿಕಲ್ ಟ್ಯಾಕೊಮೀಟರ್ ಹಿಡಿದು ಕೆಲವೇ ಕ್ಷಣ ಪೂರ್ಣ ಥ್ರಾಟಲ್ ಕೊಟ್ಟು ನೋಡಿ. ಅದೇ ಹೊತ್ತಿಗೆ ಬ್ಯಾಟರಿಯ ವೋಲ್ಟೇಜನ್ನೂ ಅಳೆಯಿರಿ. ಬ್ಯಾಟರಿ 8 ವೋಲ್ಟ್ ಇದ್ದರೆ 3300 ಕೆವಿಯ ಲೆಕ್ಕಕ್ಕೆ ನಿಮಿಷಕ್ಕೆ 26,400 ಸುತ್ತು ಬರಬೇಕು, ವಾಸ್ತವದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಅಯಸ್ಕಾಂತ ದುರ್ಬಲವಾದಷ್ಟೂ ಕೆವಿ ಏರುವುದರಿಂದ, ಲೆಕ್ಕವನ್ನು ಎದ್ದುಕಾಣುವಷ್ಟು ಮೀರಿ ತಿರುಗಿದರೆ ಮಾತ್ರ ಅನುಮಾನಿಸಿ. ಇಎಸ್‌ಸಿಯಲ್ಲಿ ಟೈಮಿಂಗ್ (ಸುರುಳಿಗಳಿಗೆ ಕರೆಂಟನ್ನು ಎಷ್ಟು ಮುಂಚಿತವಾಗಿ ಕೊಡಬೇಕೆಂಬ ಹೊಂದಾಣಿಕೆ) ಹೆಚ್ಚಿಸಿದ್ದರೂ ಸುತ್ತುಗಳು ಏರುತ್ತವೆ. ಅದನ್ನು ಕನಿಷ್ಠಕ್ಕೆ ಇಳಿಸಿಯೇ ಅಳೆಯಬೇಕು.