ಬಿಳಿ ಕೋಲು ಹಿಡಿದು ಸಿಟಿ ಬಸ್ಸಲ್ಲಿ ಓಡಾಡುವವರು ಇದ್ದೀರಾ?

ಮಂಗಳೂರಿನ ಕಾವೂರಿನಿಂದ ಪ್ರಶ್ನೆ:
ನನ್ನ ತಮ್ಮನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ ಕಣ್ಣಿನ ಕಾಯಿಲೆ. ಎದುರಿನದ್ದು ಸ್ವಲ್ಪ ಕಾಣುತ್ತದೆ, ಬದಿಯದ್ದು ಇಲ್ಲ, ಸಂಜೆಯಾದರೆ ಏನೂ ಇಲ್ಲ. ಹಂಪನಕಟ್ಟೆಯಲ್ಲಿ ಕೆಲಸ ಸಿಕ್ಕಿದೆ. ಕೋಲು ತಂದಿದ್ದೇವೆ, ಒಬ್ಬನನ್ನೇ ಬಸ್ಸಿಗೆ ಕಳಿಸಲು ಅಮ್ಮನಿಗೆ ಧೈರ್ಯ ಬರುತ್ತಿಲ್ಲ. ಅನುಭವ ಇದ್ದವರು ಹೇಳಿ.

ಬಿಜೈಯಿಂದ:
ಅಕ್ಕಾ, ಖಂಡಿತ ಕಳಿಸಿ. ನನಗೆ ಹುಟ್ಟಿನಿಂದ ಕಾಣುವುದಿಲ್ಲ, ದಿನಾ ಓಡಾಡುತ್ತೇನೆ. ಮೊದಲು ಕೋಲಿನ ಅಳತೆ ನೋಡಿ, ನೆಟ್ಟಗೆ ನಿಲ್ಲಿಸಿದರೆ ಅವನ ಎದೆಮೂಳೆವರೆಗೆ ಬರಬೇಕು. ಗಿಡ್ಡ ಆದರೆ ಹೊಂಡ ಗೊತ್ತಾಗುವಷ್ಟರಲ್ಲಿ ಕಾಲು ಒಳಗಿರುತ್ತದೆ. ಕೋಲಿನ ತುದಿಗೆ ಸಪೂರದ ಪೆನ್ಸಿಲ್ ಟಿಪ್ ನಮ್ಮೂರಿಗೆ ಆಗುವುದಿಲ್ಲ, ಚರಂಡಿ ಸ್ಲ್ಯಾಬಿನ ಸಂದಿಗೆ ಸಿಕ್ಕಿ ಹಿಡಿ ಹೊಟ್ಟೆಗೆ ಗುದ್ದುತ್ತದೆ. ತಿರುಗುವ ರೋಲರ್ ಟಿಪ್ ಹಾಕಿಸಿ, ನೆಲ ಬಿಡದೆ ಆಚೆ ಈಚೆ ಉರುಳಿಸಲಿ. ಬಲಗಾಲು ಮುಂದೆ ಹೋದಾಗ ಕೋಲು ಎಡಕ್ಕೆ, ಎಡಗಾಲಿಗೆ ಬಲಕ್ಕೆ. ಸ್ಲ್ಯಾಬ್ ಇಲ್ಲದ ಜಾಗ ಒಂದು ಹೆಜ್ಜೆ ಮೊದಲೇ ಕೈಗೆ ಸಿಗುತ್ತದೆ. ತಲೆಮಟ್ಟದಲ್ಲಿ ಚಾಚಿರುವ ಅಂಗಡಿಯ ಶೀಟು, ಲಾರಿಯ ಹಿಂಬದಿ ಮಾತ್ರ ಕೋಲಿಗೆ ಸಿಗುವುದಿಲ್ಲ, ಅದಕ್ಕೆ ಅಂಚಿರುವ ಟೊಪ್ಪಿ ಹಾಕಲಿ. ದುಡ್ಡಿದ್ದರೆ ಐಐಟಿ ದೆಹಲಿಯವರ ಸ್ಮಾರ್ಟ್‌ಕೇನ್ ನೋಡಿ, 2014ರಲ್ಲಿ ಬಂದದ್ದು, ಎದುರಿಗೆ ಮೇಲ್ಮಟ್ಟದಲ್ಲಿ ಏನಾದರೂ ಇದ್ದರೆ ಹಿಡಿ ನಡುಗುತ್ತದೆ.

ಬಸ್ ಹತ್ತುವುದು ಕಷ್ಟವಿಲ್ಲ. ಕಂಡಕ್ಟರು ಊರ ಹೆಸರು ಕೂಗುತ್ತಲೇ ಇರುತ್ತಾರೆ, ಆದರೂ ತುಳುವಿನಲ್ಲಿ "ಉಂದು ಓಡೆ ಪೋಪುಂಡು?" (ಇದು ಎಲ್ಲಿಗೆ ಹೋಗುತ್ತದೆ?) ಅಂತ ಕೇಳಿಯೇ ಹತ್ತಲಿ. ನಿಜವಾದ ಅಪಾಯ ಇರುವುದು ಇಳಿಯುವಾಗ. ಬಸ್ಸು ಪೂರ್ತಿ ಬದಿಗೆ ಬಂದಿರುವುದಿಲ್ಲ, ಆ ಎಡೆಯಲ್ಲಿ ಸ್ಕೂಟರಿನವರು ನುಗ್ಗುತ್ತಾರೆ. ಕೊನೆಯ ಮೆಟ್ಟಿಲಲ್ಲಿ ನಿಂತು, ಒಂದು ಕೈ ರಾಡಿನಲ್ಲಿಟ್ಟು, ಕೋಲನ್ನು ನೆಲಕ್ಕೆ ಮುಟ್ಟಿಸಿ, ಕೆಳಗೆ ಡಾಮರೋ ಚರಂಡಿಯೋ ನೋಡಿಕೊಂಡು, ಎಡಗಿವಿಯಲ್ಲಿ ಹಿಂದಿನಿಂದ ಗಾಡಿ ಬರುವುದನ್ನು ಕೇಳಿಯೇ ಇಳಿಯಬೇಕು. ಕಂಡಕ್ಟರು ವಿಸಿಲ್ ಊದಿದರೆ ಊದಲಿ, "ಒಂತೆ ಉಂತುಲೆ" (ಸ್ವಲ್ಪ ನಿಲ್ಲಿ) ಅಂತ ಹೇಳಿದರೆ ನಿಲ್ಲಿಸುತ್ತಾರೆ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್ ಹತ್ತಿರ ಬಂತು ಅಂತ ಮೀನು ಮಾರ್ಕೆಟ್ಟಿನ ವಾಸನೆಯೇ ಹೇಳುತ್ತದೆ.

ಮಳೆಗಾಲದಲ್ಲಿ ಕೊಡೆ ಬೇಡ, ಎರಡು ಕೈಯೂ ಬೇಕಲ್ವಾ. ರೈನ್‌ಕೋಟಿನ ಟೊಪ್ಪಿಗೆಯನ್ನೂ ಕಿವಿ ಮೇಲೆ ಎಳೆಯಬೇಡ ಅನ್ನಿ. ಜಡಿಮಳೆಯಲ್ಲಿ ಗಾಡಿ ಸದ್ದು ಮೊದಲೇ ಕೇಳುವುದಿಲ್ಲ, ಆಗ ರಸ್ತೆ ದಾಟಲು ಯಾರನ್ನಾದರೂ ಕೇಳುವುದೇ ಸರಿ. ಕೇಳಿದಾಗ ಅವರು ಕೋಲನ್ನೇ ಹಿಡಿದು ಎಳೆಯುತ್ತಾರೆ. ಬಿಡಿಸಿಕೊಂಡು ಅವರ ಮೊಣಕೈ ಮೇಲೆ ತಾನೇ ಹಿಡಿಯಲಿ, ಅರ್ಧ ಹೆಜ್ಜೆ ಹಿಂದೆ ನಡೆಯಲಿ.

ಮಣಿಪಾಲದಿಂದ:
ನನಗೂ ಅದೇ ಕಾಯಿಲೆ, ಹಾಗಾಗಿ ಇನ್ನೊಂದು ಮಾತು. ಅವನು ಕೋಲು ಹಿಡಿದು ಮೊಬೈಲ್ ನೋಡಿದರೆ ಜನ "ಕಾಣುತ್ತದಲ್ಲ, ಮತ್ತೆ ನಾಟಕ ಯಾಕೆ" ಅನ್ನುತ್ತಾರೆ. ತುಂಬಾ ನೋವಾಗುತ್ತದೆ. ನಾಚಿಕೆಯಿಂದ ಕೋಲು ಮಡಚಿ ಬ್ಯಾಗಿಗೆ ಹಾಕುವುದು ಶುರುವಾಗುತ್ತದೆ, ದಯವಿಟ್ಟು ಅದಕ್ಕೆ ಬಿಡಬೇಡಿ. "ಬದಿಯದ್ದು ಕಾಣುವುದಿಲ್ಲ" ಅಂತ ಒಂದೇ ಮಾತು ಹೇಳಿ ಮುಂದೆ ಹೋಗಲಿ. ಕಲಿಯುವಾಗ ತರಬೇತುದಾರರ ಜೊತೆ ಹಗಲಲ್ಲೇ ಕಣ್ಣಿಗೆ ಪಟ್ಟಿ ಕಟ್ಟಿ ನಡೆಯಲಿ. ಇಲ್ಲದಿದ್ದರೆ ಕಣ್ಣು ಉಳಿದಷ್ಟನ್ನೇ ನಂಬುತ್ತಾನೆ, ಸಂಜೆ ವಾಪಸ್ ಬರುವಾಗ ಕೋಲಿನ ಮೇಲೆ ಭರವಸೆ ಇರುವುದಿಲ್ಲ.

ಯುಡಿಐಡಿ ಕಾರ್ಡು (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಆಗಿದೆಯಾ? ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿ. ಕೆಎಸ್ಆರ್‌ಟಿಸಿಯವರು ಅಂಧರಿಗೆ ಉಚಿತ ಪಾಸು ಕೊಡುತ್ತಾರೆ. ಖಾಸಗಿ ಬಸ್ಸಲ್ಲಿ ಆ ಪಾಸು ನಡೆಯುವುದಿಲ್ಲ.